ಮೇಲಿನ ನೀಲಿ ಬಾಗಿಲು, ಕೆಳಗಿನ ಆರು ಕೋಣೆ

ಓಕ್ ಮಲ್ಸೂನಳ ವಸತಿಗೃಹಕ್ಕೆ ಬಂದವರಿಗೆ ಮೊದಲು ಬೈಗುಳ, ಆಮೇಲೆ ಕೋಣೆ.

"ಬೂಟು ಅಲ್ಲಲ್ಲ, ಇಲ್ಲಿ ಬಿಡಿ. ಇದೇನು ಇಷ್ಟು ದೊಡ್ಡ ಪೆಟ್ಟಿಗೆ, ಮನೆ ಖಾಲಿ ಮಾಡ್ಕೊಂಡು ಬಂದ್ರಾ? ನೆಲ ಬಿಸಿ ಇದೆ. ಕಿಟಕಿ ತೆಗೆದಿಟ್ಟು ಬಿಸಿಯೆಲ್ಲ ಬೀದಿಗೆ ಬಿಟ್ರೆ ನಾನು ಸುಮ್ನಿರಲ್ಲ, ಮೊದಲೇ ಹೇಳಿದೀನಿ."

ಬುಸಾನ್ ರೈಲು ನಿಲ್ದಾಣದ ಎದುರಿನ ದೊಡ್ಡ ರಸ್ತೆ ದಾಟಿ ಚೋರ್ಯಾಂಗ್ ಗುಡ್ಡದ ಕಡೆ ತಿರುಗಿದರೆ, ಮೆಟ್ಟಿಲುಗಳು ಶುರುವಾಗುವಲ್ಲಿ ಗೋಜೆ ವಸತಿಗೃಹ. ಇರುವುದು ಆರೇ ಕೋಣೆ. ಮಂಚವಿಲ್ಲ, ಬಿಸಿ ನೆಲದ ಮೇಲೆ ಹಾಸಿಗೆ. ಹೊದಿಕೆಗಳಿಗೆ ಗಂಜಿ ಹಾಕಿ, ತಾರಸಿಯ ಬಿಸಿಲಿಗೆ ಒಣಗಿಸಿ, ಮಡಿಕೆ ಮುರಿಯದಂತೆ ಜೋಡಿಸಿಡುವುದು ಮಲ್ಸೂನಳಿಗೆ ಪೂಜೆಯಷ್ಟೇ ನಿಷ್ಠೆಯ ಕೆಲಸ. ಊಟ ಮಾತ್ರ ಅಲ್ಲಿ ಸಿಗುತ್ತಿರಲಿಲ್ಲ. ಪೆಟ್ಟಿಗೆ ಇಟ್ಟು, ಮುಖ ತೊಳೆದು ಬಂದವರು "ಅಜ್ಜಿ, ಹತ್ತಿರದಲ್ಲಿ ಊಟಕ್ಕೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದರೆ, ಅವಳು ಎಣಿಸಿಟ್ಟ ಹಾಗೆ ನಾಲ್ಕೇ ಮಾತು ಹೇಳುತ್ತಿದ್ದಳು.

"ಮೆಟ್ಟಿಲು ಹತ್ತಿ. ಎಡಕ್ಕೆ ತಿರುಗಿ. ನೀಲಿ ಬಾಗಿಲು. ಹಂದಿ ಎಲುಬಿನ ಸಾರನ್ನ."

ಅಂಗಡಿಯ ಹೆಸರು ಹೇಳುತ್ತಿರಲಿಲ್ಲ, ಅಂಗಡಿಯವಳ ಹೆಸರನ್ನಂತೂ ಹೇಳುತ್ತಲೇ ಇರಲಿಲ್ಲ.

ಆ ನೀಲಿ ಬಾಗಿಲಿನ ಹಿಂದೆ ಚೂ ಬೋಂಗ್ಜಾ ಇದ್ದಳು. ಅವಳಂಗಡಿಯಲ್ಲಿ ಉಂಡೆದ್ದ ಪ್ರವಾಸಿಗರು ಬಾಯಿ ಒರೆಸಿಕೊಳ್ಳುತ್ತ, ಇಲ್ಲೆಲ್ಲಾದರೂ ಉಳಿದುಕೊಳ್ಳಲು ಜಾಗ ಉಂಟೇ ಎಂದು ಕೇಳಿದರೆ ಅವಳದ್ದೂ ಅಷ್ಟೇ ಚುಟುಕು ಉತ್ತರ: "ಕೆಳಗಿಳೀರಿ. ಆ ಹೆಂಗಸಿನ ಬಾಯಿ ಕೊಳಕು, ಹಾಸಿಗೆ ಶುಭ್ರ."

ಬಂದವರು ಇದನ್ನು ಮಲ್ಸೂನಳಿಗೆ ನಗುನಗುತ್ತ ವರದಿ ಮಾಡುತ್ತಿದ್ದರು. ಅವಳು ಮುಖ ಗಂಟಿಕ್ಕಿಕೊಂಡೇ ಕೇಳುತ್ತಿದ್ದಳು: "ಹಾಸಿಗೆ ಶುಭ್ರ ಅಂದ್ಲಾ? ಅವಳ ಬಾಯಿಂದಾನೇ ಬಂತಾ ಆ ಮಾತು?"

ಹತ್ತು ವರ್ಷ ಹೀಗೇ ನಡೆಯಿತು. ಎಂಬತ್ತು ಮೆಟ್ಟಿಲುಗಳ ಅಂತರದಲ್ಲಿದ್ದ ಈ ಇಬ್ಬರು ಹೆಂಗಸರು ಅಷ್ಟು ವರ್ಷ ಒಬ್ಬರಿಗೊಬ್ಬರು ಜನರನ್ನು ಕಳಿಸಿಕೊಟ್ಟರೇ ಹೊರತು ಒಂದು ಮಾತಾಡಲಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬಳು ಗೋಡೆ ನೋಡುತ್ತಿದ್ದಳು, ಇನ್ನೊಬ್ಬಳು ಕೆಳಗಿನ ಬಂದರಿನ ಕ್ರೇನುಗಳನ್ನು ನೋಡುತ್ತಿದ್ದಳು.

ಮಲ್ಸೂನ್ ಹುಟ್ಟಿದ್ದು ಗೋಜೆ ದ್ವೀಪದಲ್ಲಿ, ಬೆಸ್ತರ ಮನೆಯ ಐದನೆಯ ಹೆಣ್ಣಾಗಿ. 'ಮಲ್' ಎಂದರೆ ಕೊನೆ. ಹೆಣ್ಣು ಇಲ್ಲಿಗೆ ಸಾಕು ಎಂದು ಅಪ್ಪ ಇಟ್ಟ ಹೆಸರು. ಹೆಸರಿನ ಮಾತನ್ನು ದೇವರು ಕೇಳಲಿಲ್ಲ, ಅವಳ ಬೆನ್ನಿಗೆ ಇನ್ನೂ ಒಂದು ಹೆಣ್ಣಾಯಿತು. ಹದಿನೇಳಕ್ಕೆ ಅವಳು ದೋಣಿ ಹತ್ತಿ ಬುಸಾನಿಗೆ ಬಂದು ನಗರದ ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿಯಾದಳು. ಆಗೆಲ್ಲ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದವರು ಹುಡುಗಿಯರೇ. ಕಂದು ಸಮವಸ್ತ್ರ, ತಲೆಗೆ ಟೋಪಿ. ತುಂಬಿ ತುಳುಕುವ ಜನರನ್ನು ಬೆನ್ನಿನಿಂದ ಒತ್ತಿ ಒಳಕ್ಕೆ ತಳ್ಳಿ, ಬಸ್ಸಿನ ಮೈ ಮೇಲೆ ಅಂಗೈಯಿಂದ ಎರಡು ಏಟು ಬಾರಿಸಿ, "ಓರಾಯ್!" ಎಂದು ಕೂಗಬೇಕು. ಆಗ ಬಸ್ಸು ಹೊರಡುತ್ತಿತ್ತು.

ಮಲ್ಸೂನಳಿಗೆ ಕೂಗಲು ಬರುತ್ತಿರಲಿಲ್ಲ. ಐವರು ಅಕ್ಕತಂಗಿಯರ ನಡುವೆ ಬಾಯಿ ಮುಚ್ಚಿಕೊಂಡು ಬೆಳೆದ ಹುಡುಗಿ. ನಿಲ್ದಾಣದ ಹೆಸರು ಹೇಳಿದರೆ ಮುಂದಿನ ಸೀಟಿನವರಿಗೂ ಕೇಳಿಸದು. ಇಳಿಯಬೇಕಾದವರು ಇಳಿಯದೆ ಮುಂದೆ ಹೋಗಿ ಅವಳ ಮೇಲೆ ರೇಗುತ್ತಿದ್ದರು. ಮೂರನೆಯ ದಿನ ಡ್ರೈವರು, "ಈ ಮೂಗಿಯನ್ನ ನಾಳೆಯಿಂದ ಕಳಿಸಬೇಡಿ" ಎಂದುಬಿಟ್ಟ.

ಹುಡುಗಿಯರ ಬಿಡಾರದಲ್ಲಿ ಅವಳ ಪಕ್ಕದ ಹಾಸಿಗೆ ಬೋಂಗ್ಜಾಳದ್ದು. ಎರಡು ವರ್ಷಕ್ಕೆ ದೊಡ್ಡವಳು, ಬುಸಾನಿನಲ್ಲೇ ಹುಟ್ಟಿದವಳು, ಕಂಚಿನ ಗಂಟಲಿನವಳು. ಮಾರನೆಯ ಬೆಳಗ್ಗೆ ಬೆಳಕು ಹರಿಯುತ್ತಿದ್ದ ಹಾಗೆ ಅವಳು ಮಲ್ಸೂನಳನ್ನು ಎಬ್ಬಿಸಿ, ಬಂದರಿನ ಒಡ್ಡಿನ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಅಲ್ಲಿ ಕಾಣ್ತಿದೆಯಲ್ಲ, ಆ ಹಡಗು. ಅದರಲ್ಲಿರೋ ಅಡುಗೆಯವನು ಸೊಮ್ಯೊನ್‌ನಲ್ಲಿ ಇಳೀಬೇಕು. ಕೂಗು."

"ಸೊಮ್ಯೊನ್..."

"ಅವನು ಮಲಗಿದ್ದಾನೆ ಕಣೇ. ಎಬ್ಬಿಸು!"

"ಸೊಮ್ಯೊನ್!"

"ಅವನು ಕಿವುಡ!"

ಚೋರ್ಯಾಂಗ್, ಬುಸಾನ್‌ಜಿನ್, ಸೊಮ್ಯೊನ್, ತೊಂಗ್ನೆ ಎಂದು ಹತ್ತು ದಿನ ಸಮುದ್ರಕ್ಕೆ ನಿಲ್ದಾಣಗಳನ್ನು ಕೂಗಿ ಹೇಳಿದ ಮೇಲೆ ಮಲ್ಸೂನಳ ಗಂಟಲು ಬಿಚ್ಚಿಕೊಂಡಿತು, ಬಸ್ಸಿನ ಕೆಲಸವೂ ಉಳಿಯಿತು. ಒಮ್ಮೆ ಬಿಚ್ಚಿಕೊಂಡದ್ದು ಮತ್ತೆ ಮುಚ್ಚಲಿಲ್ಲ. "ನನ್ನ ಬಾಯಿ ಕೆಡಿಸಿದವಳೇ ನೀನು" ಎಂದು ಅವಳು ಆಮೇಲೆ ಎಷ್ಟೋ ವರ್ಷ ಬೋಂಗ್ಜಾಳನ್ನು ಛೇಡಿಸುತ್ತಿದ್ದಳು.

ಮದುವೆಯಿಂದಲೂ ಇಬ್ಬರೂ ದೂರವಾಗಲಿಲ್ಲ. ಮಲ್ಸೂನಳನ್ನು ಗುಡ್ಡದ ಬುಡದ ವಸತಿಗೃಹದ ಒಬ್ಬನೇ ಮಗ ಸಾಂಗ್‌ಪಿಲ್ ಕೈಹಿಡಿದ. ಮಾತು ಕಡಿಮೆಯ, ಸದಾ ಏನಾದರೊಂದು ರಿಪೇರಿ ಮಾಡುತ್ತಿದ್ದ ಗಂಡಸು. ಗೋಡೆಗೆ ಸುಣ್ಣವೋ, ನೆಲದಡಿಯ ಬಿಸಿ ಕೊಳವೆಗೆ ತೇಪೆಯೋ, ಏನೂ ಇಲ್ಲದಿದ್ದರೆ ಗಡಿಯಾರ. ಬೋಂಗ್ಜಾಳನ್ನು ಕಟ್ಟಿಕೊಂಡವನು ದೂರದ ಕಡಲಿನ ಮೀನು ಹಡಗಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಕೈಯಲ್ಲಿ ಎರಡು ವರ್ಷದ ಮಗಳು. ಅವಳಿಗೆ ಮೆಟ್ಟಿಲ ಮೇಲಿನ ಅಂಗಡಿ ಹುಡುಕಿಕೊಟ್ಟವನೂ ಬಾಗಿಲಿಗೆ ನೀಲಿ ಬಳಿದವನೂ ಸಾಂಗ್‌ಪಿಲ್. ಅಲ್ಲಿಂದ ಎರಡೂ ಮನೆ ಒಂದೇ ಎಂಬಂತೆ ಬದುಕಿದವು. ಬೋಂಗ್ಜಾಳ ಮಗಳು ಮಿಹ್ವಾ ವಸತಿಗೃಹದ ಖಾಲಿ ಕೋಣೆಯಲ್ಲಿ ಪಾಠ ಓದಿಕೊಳ್ಳುತ್ತಿದ್ದಳು. ಮಲ್ಸೂನಳ ಮಗ ಚಾಂಗ್ಹೋ ಶಾಲೆ ಬಿಟ್ಟವನು ನೇರ ನೀಲಿ ಬಾಗಿಲಿಗೆ ಓಡುತ್ತಿದ್ದ. ಸಾಂಗ್‌ಪಿಲ್‌ಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಗಂಟಲಲ್ಲಿ ಏನೂ ಇಳಿಯದಿದ್ದಾಗ, ಬೋಂಗ್ಜಾ ಏಳು ತಿಂಗಳು ದಿನವೂ ತಿಳಿ ಸಾರನ್ನು ಬಟ್ಟೆಯಲ್ಲಿ ಸೋಸಿ, ಕೆಟಲಿಯಲ್ಲಿ ತಂದು ಕುಡಿಸಿದಳು. ಅವನು ಕೊನೆಗೆ ನುಂಗಿದ್ದೂ ಆ ಸಾರನ್ನೇ.

ಅವನು ಸತ್ತ ಎರಡು ವರ್ಷಕ್ಕೆ ಆ ಘಟನೆ ನಡೆಯಿತು.

ಚಾಂಗ್ಹೋ ಆಗಷ್ಟೇ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ. ಒಂದು ಭಾನುವಾರ ಬಂದವನೇ, "ಅಮ್ಮ, ನಾನು ಮಿಹ್ವಾಳನ್ನ ಮದುವೆ ಆಗ್ತೀನಿ" ಎಂದ. ಮಲ್ಸೂನಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆದರೆ ಮಗನ ಹೊಸ ಗುರುತಿನ ಚೀಟಿಯನ್ನು ಕಂಡಕಂಡವರಿಗೆ ತೋರಿಸಿಕೊಂಡು ಬಂದಿದ್ದ ಅವಳ ಕಾಲು ಆಗ ನೆಲದ ಮೇಲಿರಲಿಲ್ಲ. ಮಾರನೆಯ ದಿನ ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ ನೆರೆಯ ಹೆಂಗಸರು ಚುಡಾಯಿಸಿದರು:

"ಏನಮ್ಮ, ಇನ್ನು ನಿನಗೆ ಜೀವಮಾನ ಪೂರ್ತಿ ಸಾರನ್ನ ಪುಕ್ಕಟೆ!"

ಎಲ್ಲರೂ ನಕ್ಕರು. ಮಲ್ಸೂನಳಿಗೆ ಎಲ್ಲೋ ಚುಚ್ಚಿದಂತಾಯಿತು. ಕೈಯಲ್ಲಿದ್ದ ನೀರಿನ ಬೋಗುಣಿ ಕುಕ್ಕಿ, ಬಸ್ಸಿನ ಬಾಗಿಲಲ್ಲಿ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಹೇಳಿಬಿಟ್ಟಳು: "ಯಾರು ತರ್ತಾರೆ? ಎಂಜಿನಿಯರಿನ ಮನೆಗೆ ಎಲುಬು ಬೇಯಿಸೋರ ಹುಡುಗಿ ತಂದ್ರೆ, ಬಟ್ಟೆ ಪೆಟ್ಟಿಗೆ ತೆರೆದ್ರೂ ಹಂದಿ ವಾಸನೆ ಬಂದೀತು!"

ಆ ನಗು ಅರ್ಧಕ್ಕೇ ನಿಂತಿತು. ಬಿಸಿನೀರಿನ ಕೊಳದ ಮೂಲೆಯಲ್ಲಿ, ಹಬೆಯ ಹಿಂದೆ, ಬೋಂಗ್ಜಾ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದಳು. ಅವಳು ಎದ್ದಳು. ಮೈಮೇಲೆ ಒಂದು ಬೋಗುಣಿ ತಣ್ಣೀರು ಸುರಿದುಕೊಂಡಳು. ವಾರಕ್ಕೊಮ್ಮೆ, ಮೂವತ್ತು ವರ್ಷದಿಂದ, ಇಬ್ಬರೂ ಅಲ್ಲೇ ಒಬ್ಬರ ಬೆನ್ನು ಒಬ್ಬರು ತಿಕ್ಕಿಕೊಂಡು ಬಂದವರು.

"ಬೆನ್ನು ತಿಕ್ಕೋಕೆ ಇನ್ನು ಬೇರೆಯವರನ್ನ ನೋಡ್ಕೋ" ಎಂದಷ್ಟೇ ಹೇಳಿ ಹೊರಗೆ ಹೋದಳು.

ಮದುವೆಯನ್ನು ಮುರಿದವಳು ಮಿಹ್ವಾ. ತಾಯಿಗೆ ಅಂಥ ಮಾತು ಬಂದ ಮನೆಗೆ ಕಾಲಿಡಲಾರೆ ಎಂದು ಚಾಂಗ್ಹೋನ ಎದುರೇ ಹೇಳಿ, ಉಲ್ಸಾನಿಗೆ ಕೆಲಸಕ್ಕೆ ಹೋಗಿ, ಮೂರು ವರ್ಷಕ್ಕೆ ಅಲ್ಲೇ ಮದುವೆಯಾದಳು. ಚಾಂಗ್ಹೋ ತಾಯಿಯ ಮೇಲೆ ಕೂಗಾಡಲಿಲ್ಲ. ಬೂಟಿನ ಲಾಡಿ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಹೇಳಿದ: "ಅಮ್ಮ, ಆ ವಾಸನೇಲೇ ನಾನು ಬೆಳೆದಿದ್ದು." ಅವನೂ ಗೋಜೆಯಲ್ಲಿ ಮನೆ ಮಾಡಿದ, ಒಳ್ಳೆಯ ಹುಡುಗಿಯನ್ನೇ ಮದುವೆಯಾದ, ಎರಡು ಮಕ್ಕಳಾದವು. ಹಬ್ಬಕ್ಕೆ ಬರುತ್ತಾನೆ. ಬಂದವನು ಮೆಟ್ಟಿಲಿನ ಕಡೆ ನೋಡದೆ ಹೋಗುತ್ತಾನೆ.

ಮಲ್ಸೂನ್ ಕೈಕಟ್ಟಿ ಕೂರಲಿಲ್ಲ. ಆ ವರ್ಷದ ಸುಗ್ಗಿಹಬ್ಬಕ್ಕೆ ಒಂದು ಪೆಟ್ಟಿಗೆ ದಪ್ಪ ಮರಸೇಬು ಒಯ್ದು ನೀಲಿ ಬಾಗಿಲ ಮುಂದೆ ಇಟ್ಟಳು. ಮರುದಿನ ಬೆಳಗ್ಗೆ ಅದು ವಸತಿಗೃಹದ ಮೆಟ್ಟಿಲ ಮೇಲೆ ಕೂತಿತ್ತು, ದಾರವನ್ನೂ ಬಿಚ್ಚಿರಲಿಲ್ಲ. ಮುಂದಿನ ವರ್ಷ ಗೋಜೆಯ ಒಣಮೀನು ಇಟ್ಟಳು. ಅದೂ ಬಂತು. ಮೂರನೆಯ ವರ್ಷ ಏನನ್ನೂ ಇಡಲಿಲ್ಲ. ಅದೇ ದಿನಗಳಲ್ಲಿ ತೇಜೊನ್ ಕಡೆಯ ಒಬ್ಬ ಒಂಟಿ ಗಂಡಸು, ಮಳೆಯಲ್ಲಿ ತೊಪ್ಪೆಯಾಗಿ ಬಂದವನು, ಬಿಸಿಯಾಗಿ ಉಣ್ಣಲು ಏನು ಸಿಗುತ್ತದೆ ಎಂದು ಕೇಳಿದ. ಅಲ್ಲಿಯವರೆಗೆ ಅವಳು ಎಲ್ಲರಿಗೂ ನಿಲ್ದಾಣದ ಹೋಟೆಲುಗಳನ್ನು ತೋರಿಸುತ್ತಿದ್ದಳು. ಅವತ್ತು ನಾಲಗೆ ತಾನಾಗಿ ಹೊರಳಿತು. "ಮೆಟ್ಟಿಲು ಹತ್ತಿ. ಎಡಕ್ಕೆ ತಿರುಗಿ."

ಮರಸೇಬು ಹೋದ ಹಾಗೇ ತಿರುಗಿ ಬಂದಿತ್ತು. ಈ ಮನುಷ್ಯ ತಿರುಗಿ ಬಂದದ್ದು ಹೊಟ್ಟೆ ತುಂಬಿಸಿಕೊಂಡು, ಕೆನ್ನೆ ಕೆಂಪೇರಿಸಿಕೊಂಡು. "ಅಜ್ಜಿ, ಅಂಥ ಸಾರು ನಾನು ಉಂಡೇ ಇಲ್ಲ" ಎಂದ. ಮಲ್ಸೂನ್ ಆ ರಾತ್ರಿ ಅವನ ಕೋಣೆಗೆ ಇನ್ನೊಂದು ಹೊದಿಕೆ ಕೊಟ್ಟಳು.

ಹಾಗೆ ಶುರುವಾಯಿತು ಆ ಹೋಗುಬರುವಿಕೆ. ಬಂದವರಿಗೆ ಊರು ತೋರಿಸುವುದರಲ್ಲೂ ಅವಳು ಜಿಪುಣಿಯಲ್ಲ. "ಹೇಉಂಡೆಗೆ ಹೋಗ್ಬೇಡಿ, ಅಲ್ಲಿ ಮರಳಿಗಿಂತ ಜನ ಜಾಸ್ತಿ. ತೇಜೋಂಗ್‌ದೆಗೆ ಹೋಗಿ. ಬಂಡೆ ಮೇಲೆ ನಿಂತ್ಕೊಳ್ಳಿ, ಗಾಳಿ ಕಪಾಳಕ್ಕೆ ಬಾರಿಸಿದ್ರೆ ತಲೆ ಸರಿಹೋಗತ್ತೆ. ಮೀನುಪೇಟೆಗೆ ಹೋದ್ರೆ ಮೊದಲನೇ ಅಂಗಡೀಲಿ ಕೊಳ್ಬೇಡಿ, ಕೊನೇ ಅಂಗಡಿಯ ಕುಂಟಿ ಹತ್ರ ಕೊಳ್ಳಿ." ಇವೆಲ್ಲ ಬಸ್ಸಿನ ದಿನಗಳಲ್ಲಿ ಕಂಡದ್ದು, ಗಂಡ ಹೇಳಿದ್ದು, ಅತಿಥಿಗಳಿಂದ ಕೇಳಿ ತಿಳಿದದ್ದು. ಹಾಸಿಗೆಗಳ ಕಾಟದಲ್ಲಿ ಅವಳು ಮೀನುಪೇಟೆಯಿಂದ ಆಚೆ ಹೋಗಿಯೇ ವರ್ಷಗಳಾಗಿದ್ದವು.

ಮಾತು ನಿಂತ ಹನ್ನೆರಡನೆಯ ವರ್ಷ, ನವೆಂಬರಿನಲ್ಲಿ, ಕಾಂಗ್‌ನುಂಗ್‌ನಿಂದ ಬಂದ ವಯಸ್ಸಾದ ದಂಪತಿ ಮೆಟ್ಟಿಲು ಹತ್ತಿದವರು ಅರ್ಧ ಗಂಟೆಗೇ ಏದುಸಿರು ಬಿಡುತ್ತ ಇಳಿದು ಬಂದರು.

"ಮುಚ್ಚಿದೆಯಲ್ಲಮ್ಮ."

"ಮುಚ್ಚಿದೆಯಾ? ಇವತ್ತು ಗುರುವಾರ. ಎಡಕ್ಕೆ ತಿರುಗಿದ್ರಾ?"

"ಎಡಕ್ಕೇ. ನೀಲಿ ಬಾಗಿಲೇ. ಒಂದು ಕಾಗದ ಅಂಟಿಸಿದ್ದಾರೆ, ಅನಾರೋಗ್ಯ ಅಂತ."

ಮಲ್ಸೂನ್ ಮುಂದಿನ ಅಂಗಡಿಯ ಇಸ್ತ್ರಿಯವನನ್ನು ಕೇಳಿದಳು. ಅವನಿಗೆ ಎಲ್ಲ ಗೊತ್ತಿತ್ತು. ಬೋಂಗ್ಜಾ ಮೂರು ದಿನದ ಹಿಂದೆ ಎಲೆಕೋಸಿನ ಬುಟ್ಟಿ ಹೊತ್ತು ಇಳಿಯುವಾಗ ಮಂಜು ಕಟ್ಟಿದ ಮೆಟ್ಟಿಲ ಮೇಲೆ ಜಾರಿದ್ದಾಳೆ. ಬಲ ಮಣಿಕಟ್ಟು ಎರಡು ಕಡೆ ಮುರಿದು, ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ಮಗಳು ಬಂದು ಅಂಗಡಿಯನ್ನೇ ಖಾಲಿ ಮಾಡಿಸುತ್ತಿದ್ದಾಳಂತೆ.

"ಮೂರು ದಿನ ಆಯ್ತಾ? ನನಗೆ ಯಾಕೋ ಹೇಳ್ಲಿಲ್ಲ?"

"ನಿಮಗೂ ಅವರಿಗೂ ಮಾತಿಲ್ವಲ್ಲ ಅಕ್ಕ" ಎಂದ ಅವನು, ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ತೆಗೆಯದೆ.

ಮಲ್ಸೂನ್ ಹಾಗೇ, ಮನೆಯ ಚಪ್ಪಲಿಯಲ್ಲೇ, ಮೆಟ್ಟಿಲು ಹತ್ತಿದಳು. ಎಂಬತ್ತು ಮೆಟ್ಟಿಲಿಗೆ ಮೂರು ಕಡೆ ನಿಲ್ಲಬೇಕಾಯಿತು. ನೀಲಿ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಿಹ್ವಾ ಬಟ್ಟಲುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಮೂವತ್ತಾರರ ಹೆಂಗಸಾಗಿದ್ದಳು. ಹಣೆಯ ಮೇಲೆ ತಾಯಿಯದ್ದೇ ಗೆರೆ. ಬಂದವಳು ಯಾರೆಂದು ನೋಡಿ ಎದ್ದು ನಿಂತು, ಪರಕೀಯರಿಗೆ ಬಗ್ಗುವ ಹಾಗೆ ಬಗ್ಗಿ ನಮಸ್ಕರಿಸಿದಳು. ಆ ಮರ್ಯಾದೆಗೆ ಮಲ್ಸೂನಳ ಕಾಲು ಬಾಗಿಲಲ್ಲೇ ಅಂಟಿಕೊಂಡಿತು.

"ಬಟ್ಟಲು ಯಾಕೆ ಕಟ್ತಿದೀಯ?"

"ಅಮ್ಮನ್ನ ಉಲ್ಸಾನಿಗೆ ಕರ್ಕೊಂಡು ಹೋಗ್ತೀನಿ. ಆ ಕೈಯಲ್ಲಿ ಇನ್ನು ಸೌಟು ಹಿಡಿಯೋಕೆ ಆಗಲ್ಲ."

"ಅವಳು ಹೂಂ ಅಂದ್ಲಾ?"

ಮಿಹ್ವಾ ಇನ್ನೊಂದು ಬಟ್ಟಲಿಗೆ ಪತ್ರಿಕೆ ಸುತ್ತತೊಡಗಿದಳು. ಅವಳು ಹೂಂ ಅಂದಿಲ್ಲ ಎಂಬುದು ಮಲ್ಸೂನಳಿಗೆ ಅಷ್ಟರಲ್ಲೇ ತಿಳಿಯಿತು.

"ನಾನು ಬೇಯಿಸ್ತೀನಿ" ಎಂದಳು. "ಅವಳು ಆಸ್ಪತ್ರೆಯಿಂದ ಬರೋ ತನಕ. ಬೆಳಗ್ಗೆ ಹಾಸಿಗೆ ಎತ್ತಿ ಬಂದ್ಬಿಡ್ತೀನಿ. ಅಂಗಡಿ ಮುಚ್ಚೋದು ಬಿಡೋದು ಆಮೇಲೆ ಅವಳೇ ಹೇಳ್ಲಿ."

ಮಿಹ್ವಾ ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟಳು. "ನಿಮಗೆ ಆ ವಾಸನೆ ಆಗಲ್ವಲ್ಲ, ಚಿಕ್ಕಮ್ಮ?"

ಹನ್ನೆರಡು ವರ್ಷ ಕಾದಿಟ್ಟ ಮಾತು. ಮಲ್ಸೂನ್ ಅದನ್ನು ತಪ್ಪಿಸಿಕೊಳ್ಳಲು ನೋಡಲಿಲ್ಲ. "ಆಗತ್ತೆ ಮಗಳೇ" ಎಂದಳು. "ಅವತ್ತೂ ಆಗ್ತಿತ್ತು. ನಿಮ್ಮ ಚಿಕ್ಕಪ್ಪ ಕೊನೇ ದಿನ ಕುಡಿದಿದ್ದೂ ಅದನ್ನೇ. ಜನ ನಕ್ರು, ನನಗೆ ಕೊಬ್ಬಿತ್ತು, ಬಾಯಿ ಸುಳ್ಳು ಹೇಳ್ತು. ಅದರಿಂದ ನಿನ್ನ ಮದುವೆ ಮುರೀತು. ನೀನು ಇವತ್ತು ನನ್ನ ಮುಖಕ್ಕೆ ನೀರೆರಚಿ ಕಳಿಸಿದ್ರೂ ಸರಿಯೇ."

ಮಿಹ್ವಾ ಮೊಳೆಗೆ ನೇತುಹಾಕಿದ್ದ ತಾಯಿಯ ಏಪ್ರನ್ನನ್ನು ತೆಗೆದು, ಕೈಗೆ ಕೊಡದೆ, ಮೇಜಿನ ಮೇಲೆ ಇಟ್ಟಳು. "ಎಲುಬಿನವನು ಆರು ಗಂಟೆಗೆ ಬರ್ತಾನೆ" ಎಂದಳು.

ಮೊದಲ ದಿನದ ಸಾರನ್ನು ಸಾರೆಂದು ಕರೆಯುವುದು ಕಷ್ಟ. ಬಣ್ಣ ಕೆಸರಿನದ್ದು, ಮೇಲೆ ಬೂದು ನೊರೆ. ದಿನವೂ ಬರುತ್ತಿದ್ದ ಟ್ಯಾಕ್ಸಿ ಡ್ರೈವರ್ ಪ್ಯೋ ಒಂದು ಚಮಚ ಬಾಯಿಗಿಟ್ಟು ಆಕಾಶ ನೋಡಿದ.

"ಅಕ್ಕ, ಇದು ಹಂದೀನಾ, ಇಲ್ಲ ಹಂದಿ ಈ ಪಾತ್ರೇಲಿ ಕಾಲು ತೊಳ್ಕೊಂಡು ಹೋಯ್ತಾ?"

"ಉಣ್ಣು ಸುಮ್ನೆ. ಉಪ್ಪಿನ ಸೀಗಡಿ ಹಾಕ್ಕೋ, ರುಚಿ ಬರತ್ತೆ."

"ಸಮುದ್ರದಲ್ಲಿರೋ ಸೀಗಡಿಯೆಲ್ಲ ಹಾಕಿದ್ರೂ ಬರಲ್ಲ."

ಆದರೂ ಅವನು ಬಟ್ಟಲು ಖಾಲಿ ಮಾಡಿದ, ಮಾರನೆಯ ದಿನವೂ ಬಂದ. ಮಲ್ಸೂನ್ ಆ ಸಾರನ್ನೇ ಕೆಟಲಿಗೆ ತುಂಬಿ, ಮಿಹ್ವಾಳ ಕೈಲಿ ಆಸ್ಪತ್ರೆಗೆ ಕಳಿಸಿದಳು. ಸಂಜೆ ಮಿಹ್ವಾ ತಾಯಿಯ ಮಾತನ್ನು ಹಾಗೆ ಹಾಗೇ ತಂದು ಒಪ್ಪಿಸಿದಳು: "ಎಲುಬಿನ ರಕ್ತ ಹೋಗಿಲ್ಲ. ತಣ್ಣೀರಲ್ಲಿ ನೆನೆಹಾಕಿ ನಾಲ್ಕು ಸಲ ನೀರು ಬದಲಾಯಿಸ್ಬೇಕು ಅಂತ ಹೇಳು ಆ ಮೂಗಿಗೆ, ಅಂದ್ರು."

ಎರಡನೆಯ ದಿನ: "ಮೊದಲ ಕುದಿ ಚೆಲ್ಲೋದು ಬಿಟ್ಟು ಕುಡಿಯೋಕೆ ಕಳಿಸಿದಾಳೆ."

ನಾಲ್ಕನೆಯ ದಿನ: "ಶುಂಠಿ ಜಾಸ್ತಿ. ನನಗೆ ಮುರಿದಿರೋದು ಕೈ, ನೆಗಡಿ ಅಲ್ಲ."

ಹೀಗೆ ಕೆಟಲಿ ಹೋಗುತ್ತಿತ್ತು, ಬೈಗುಳ ಬರುತ್ತಿತ್ತು. ಹೇಳಿದ್ದನ್ನೆಲ್ಲ ಮಲ್ಸೂನ್ ಕಿವಿಯಲ್ಲಿಟ್ಟುಕೊಂಡು ತಿದ್ದಿಕೊಂಡಳು. ಎಲ್ಲಕ್ಕಿಂತ ಕಷ್ಟವಾದದ್ದು ಬಡಿಸುವ ಕೈ. ಬಟ್ಟಲಲ್ಲಿ ತಣ್ಣನೆಯ ಅನ್ನ ಹಾಕಿ, ಅದರ ಮೇಲೆ ಕುದಿಯುವ ಸಾರು ಹುಯ್ದು, ಸೌಟಿನಿಂದ ಅನ್ನ ತಡೆದು ಸಾರನ್ನು ಮರಳಿ ಪಾತ್ರೆಗೆ ಬಸಿದು, ಮತ್ತೆ ಹುಯ್ದು, ಮತ್ತೆ ಬಸಿದು, ಹೀಗೆ ನಾಲ್ಕು ಸಲ ಮಾಡಿದರೆ ಅನ್ನದ ಒಂದೊಂದು ಅಗುಳಿಗೂ ಬಿಸಿ ಹತ್ತುತ್ತದೆ. ಬೋಂಗ್ಜಾ ಇದನ್ನು ಕಣ್ಣುಮುಚ್ಚಿ ಮಾಡುತ್ತಿದ್ದಳು. ಮಲ್ಸೂನ್ ಮೊದಲ ವಾರ ಎರಡು ಬೆರಳು ಸುಟ್ಟುಕೊಂಡಳು. ಒಂದು ಬಟ್ಟಲು ಅನ್ನ ಪೂರ್ತಿ ಪಾತ್ರೆಗೇ ಇಳಿಯಿತು. ಮಣಿಕಟ್ಟು ಊದಿಕೊಂಡಾಗ, ಇಷ್ಟು ವರ್ಷ ಒಬ್ಬಳೇ ಹೇಗೆ ಎತ್ತಿದಳೋ ಎಂದು ಅವಳಿಗೆ ಮೊದಲ ಸಲ ಅನಿಸಿತು.

ಹನ್ನೊಂದನೆಯ ದಿನ ಮಿಹ್ವಾ ಖಾಲಿ ಕೆಟಲಿಯನ್ನು ಮೇಜಿನ ಮೇಲಿಟ್ಟಳು.

"ಏನಂದ್ಲು?"

"ಇವತ್ತು ಏನೂ ಅನ್ಲಿಲ್ಲ. ಇನ್ನೊಂದು ಬಟ್ಟಲು ಇದೆಯಾ ಅಂದ್ರು."

ಮಲ್ಸೂನ್ ಬೆನ್ನು ತಿರುಗಿಸಿ ಪಾತ್ರೆ ತಿಕ್ಕುವುದರಲ್ಲಿ ತೊಡಗಿದಳು. ಮಿಹ್ವಾ ಪಕ್ಕಕ್ಕೆ ಬಂದು, ತಿಕ್ಕಿದ ಪಾತ್ರೆಗಳನ್ನು ಒಂದೊಂದಾಗಿ ಒರೆಸಿಡತೊಡಗಿದಳು.

ಡಿಸೆಂಬರಿನ ಮೊದಲ ವಾರ ಬೋಂಗ್ಜಾ ಬಂದಳು. ಮಗಳ ತೋಳು ಹಿಡಿದು, ಕುತ್ತಿಗೆಗೆ ನೇತುಹಾಕಿದ ಪಟ್ಟಿಯಲ್ಲಿ ಕೈ ಇಟ್ಟುಕೊಂಡು, ತನ್ನದೇ ಅಂಗಡಿಗೆ ಗಿರಾಕಿಯ ಹಾಗೆ ಬಂದು ಮೂಲೆಯ ಮೇಜಿನಲ್ಲಿ ಕೂತಳು. ಮಧ್ಯಾಹ್ನದ ಗದ್ದಲ ಕಳೆದಿತ್ತು. ಪ್ಯೋ ಒಬ್ಬನೇ ಹಲ್ಲಿಗೆ ಕಡ್ಡಿ ಹಾಕುತ್ತ ಕೂತಿದ್ದವನು, ಇಬ್ಬರ ಮುಖ ನೋಡಿ, ಟೋಪಿ ಹಾಕಿಕೊಂಡು ಹೊರಟುಹೋದ.

ಮಲ್ಸೂನ್ ಸಾರನ್ನ ತಂದು ಮುಂದಿಟ್ಟಳು. ಬೋಂಗ್ಜಾ ಎಡಗೈಯಲ್ಲಿ ಚಮಚ ಹಿಡಿದು, ತಡವರಿಸುತ್ತ ನಾಲ್ಕು ತುತ್ತು ಉಂಡಳು.

"ಅಕ್ಕ" ಎಂದಳು ಮಲ್ಸೂನ್. "ಅವತ್ತು ನಾನು ಆಡಿದ ಮಾತು..."

"ಹತ್ತು ವರ್ಷ ಊರೂರಿನವರನ್ನೆಲ್ಲ ಕಳಿಸಿದೆ. ನೀನು ಒಂದ್ಸಲ ಬರೋಕೆ ಆಗ್ಲಿಲ್ವಾ?"

"ಬಂದಿದ್ನಲ್ಲ! ಮರಸೇಬು ತಂದೆ, ಮೀನು ತಂದೆ, ನೀನು ವಾಪಸ್ ತಂದಿಟ್ಟೆ."

"ಮರಸೇಬು ಬಂತು, ಮೀನು ಬಂತು. ನೀನೆಲ್ಲಿ ಬಂದೆ? ಬೆಳಕಾಗೋ ಮೊದಲೇ ಬಾಗಿಲಲ್ಲಿಟ್ಟು ಕಳ್ಳಿ ಥರ ಓಡ್ಹೋದೆ. ನಾನು ಒಳಗೆ ಎದ್ದೇ ಇದ್ದೆ. ಬಾಗಿಲು ತಟ್ಟಬಹುದು ಅಂತ ಕಾದೆ. ನಿನ್ನ ಚಪ್ಪಲಿ ಸದ್ದು ಮೆಟ್ಟಿಲು ಇಳಿದುಹೋಯ್ತು."

ಅಷ್ಟು ವರ್ಷ ತಾನು ಕ್ಷಮೆ ಕೇಳಿದೆ, ಬೋಂಗ್ಜಾ ಒಪ್ಪಲಿಲ್ಲ ಎಂದೇ ಮಲ್ಸೂನ್ ನಂಬಿಕೊಂಡಿದ್ದಳು. ಕೇಳಿಯೇ ಇರಲಿಲ್ಲ ಎಂಬುದು ಈಗ ತಿಳಿಯಿತು. ಎದುರಿನ ಕುರ್ಚಿಯಲ್ಲಿ ಕುಸಿದು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ತಪ್ಪಾಯ್ತು ಅಕ್ಕ" ಎಂದದ್ದು ಬಟ್ಟೆಯ ಒಳಗಿಂದಲೇ ಕೇಳಿಸಿತು.

ಬೋಂಗ್ಜಾ ಅವಳು ಅತ್ತು ಮುಗಿಸುವವರೆಗೂ ಉಣ್ಣುತ್ತಿದ್ದಳು.

"ನಾನು ಮರೆತಿಲ್ಲ" ಎಂದಳು ಕೊನೆಗೆ. "ಮರೆಯೋದೂ ಇಲ್ಲ, ನಿನಗೆ ಸುಳ್ಳು ಹೇಳಿ ನನಗೇನಾಗಬೇಕು? ನನ್ನ ಮಗಳು ಚೆನ್ನಾಗಿದಾಳೆ, ನಿನ್ನ ಮಗನೂ ಚೆನ್ನಾಗಿದಾನಂತೆ. ಆದ್ರೂ ಆ ಮಾತು ಮೂಳೆ ಥರ ಇಲ್ಲೇ ಸಿಕ್ಕೊಂಡಿದೆ. ಅದು ಇರಲಿ, ಅದರ ಪಾಡಿಗೆ. ಈರುಳ್ಳಿ ಸೊಪ್ಪು ಯಾಕಿಷ್ಟು ದಪ್ಪ ಹೆಚ್ಚಿದೀಯ? ಚಾಕು ತಾ, ತೋರಿಸ್ತೀನಿ."

"ಯಾವ ಕೈಲಿ ತೋರಿಸ್ತೀಯ?"

"ಬಾಯಲ್ಲಿ ತೋರಿಸ್ತೀನಿ. ನೀನು ಹೆಚ್ಚು."

ಬೋಂಗ್ಜಾ ಉಲ್ಸಾನಿಗೆ ಹೋಗಲಿಲ್ಲ. ಮಿಹ್ವಾ ವಾದ ಮಾಡಿ ಸೋತು, ಮತ್ತೆ ಮಾಡಿ ಮತ್ತೆ ಸೋತು, ಕಟ್ಟಿದ್ದ ಬಟ್ಟಲುಗಳನ್ನೆಲ್ಲ ತಾನೇ ಬಿಚ್ಚಿಟ್ಟು ಊರಿಗೆ ಹೊರಟಳು. ಹೊರಡುವಾಗ ಮಲ್ಸೂನಳಿಗೆ ಮತ್ತೆ ಬಗ್ಗಿ ನಮಸ್ಕರಿಸಿದಳು. ಈ ಸಲ ಅಷ್ಟು ಆಳಕ್ಕೆ ಬಗ್ಗಲಿಲ್ಲ. "ಅಮ್ಮ ಭಾರ ಎತ್ತದ ಹಾಗೆ ನೋಡ್ಕೊಳ್ಳಿ, ಚಿಕ್ಕಮ್ಮ" ಎಂದಳು.

ಬೋಂಗ್ಜಾಳ ಮಣಿಕಟ್ಟು ಕೂಡಿಕೊಂಡಿತು, ಆದರೆ ಹಳೆಯ ಹಾಗೆ ತಿರುಗಲಿಲ್ಲ. ದೊಡ್ಡ ಸೌಟು ಎತ್ತಿದರೆ ಕೈ ನಡುಗುತ್ತಿತ್ತು. ಹೀಗಾಗಿ ಅಂಗಡಿ ಈಗ ಬೆಳಗಿನಿಂದ ಎರಡು ಗಂಟೆಯವರೆಗೆ ಮಾತ್ರ. ಬೇಯಿಸುವವಳು ಬೋಂಗ್ಜಾ, ಬಡಿಸುವವಳು ಮಲ್ಸೂನ್, ಬೈಯುವವರು ಇಬ್ಬರೂ. ಆ ಹೊತ್ತಿನಲ್ಲಿ ವಸತಿಗೃಹದ ಬಾಗಿಲಿಗೆ ಒಂದು ರಟ್ಟಿನ ತುಂಡು ನೇತಾಡುತ್ತಿರುತ್ತದೆ: 'ಕೋಣೆಯ ಬೀಗದಕೈ ಮೇಲೆ ಇದೆ. ಮೆಟ್ಟಿಲು ಹತ್ತಿ, ಎಡಕ್ಕೆ.' ಪೆಟ್ಟಿಗೆ ಹೊತ್ತು ಎಂಬತ್ತು ಮೆಟ್ಟಿಲು ಹತ್ತಿದವರು ಬೀಗದಕೈ ಕೇಳುವ ಮೊದಲೇ ಅವರ ಮುಂದೆ ಬಟ್ಟಲು ಬಂದು ಕೂರುತ್ತದೆ.

ವಸಂತದಲ್ಲಿ ತೇಗು ನಗರದ ಒಬ್ಬ ಮೇಷ್ಟರು, ಸಾರನ್ನ ಉಣ್ಣುತ್ತ, ಊರಿನಲ್ಲಿ ನೋಡಲೇಬೇಕಾದದ್ದು ಯಾವುದು ಎಂದು ಕೇಳಿದರು. ಮಲ್ಸೂನ್ ಎಂದಿನಂತೆ ಶುರುಮಾಡಿದಳು. ಸೊಂಗ್ದೊ ಕಡಲ ಮೇಲೆ ಹಗ್ಗದ ತೊಟ್ಟಿಲು, ಕೇಬಲ್ ಕಾರು, ಹೊಸದಾಗಿ ಬಂದಿದೆ, ಕಾಲಡಿ ಗಾಜು, ಕೆಳಗೆ ನೀರು, ಅದನ್ನ ಬಿಡಬೇಡಿ ಎಂದಳು.

"ಹೇಗಿತ್ತು, ನಿಮಗೆ ಹೆದರಿಕೆ ಆಗ್ಲಿಲ್ವಾ?" ಎಂದರು ಮೇಷ್ಟರು.

ಒಳಗಿನಿಂದ ಬೋಂಗ್ಜಾ ನಕ್ಕಳು. "ಅವಳು ಹತ್ತಿದ್ರೆ ತಾನೇ ಹೆದರೋಕೆ! ಬುಸಾನಿಗೆ ಬಂದು ನಲವತ್ತೈದು ವರ್ಷ ಆಯ್ತು, ಬಸ್ಸಿನ ಬಾಗಿಲಿಂದ ಏನು ಕಂಡ್ಲೋ ಅಷ್ಟೇ."

"ನೀನೇನು ಹತ್ತಿದೀಯಾ?"

"ಇಲ್ಲ. ಆದ್ರೆ ನಾನು ಹತ್ತಿದ ಹಾಗೆ ಹೇಳ್ಕೊಂಡು ತಿರುಗಲ್ಲ."

ಮುಂದಿನ ಮಂಗಳವಾರ ಇಬ್ಬರೂ ಅಂಗಡಿಗೂ ವಸತಿಗೃಹಕ್ಕೂ ಬೀಗ ಹಾಕಿದರು. ಎರಡಕ್ಕೂ ಒಟ್ಟಿಗೆ ಬೀಗ ಬಿದ್ದದ್ದನ್ನು ಇಸ್ತ್ರಿಯವನು ಹೊರಗೆ ಬಂದು ನಿಂತು ನೋಡಿದ. ಇಬ್ಬರ ತಲೆಗೂ ಬಿಸಿಲಿನ ಟೋಪಿ. ಬೋಂಗ್ಜಾ ಬೇಯಿಸಿದ ಮೊಟ್ಟೆ ಕಟ್ಟಿಕೊಂಡಿದ್ದಳು. ಮಲ್ಸೂನ್ ಕಡಲಕಳೆಯಲ್ಲಿ ಸುತ್ತಿದ ಅನ್ನದ ಸುರುಳಿ ತಂದಿದ್ದಳು.

ತೊಟ್ಟಿಲು ಹೊರಟ ಕೂಡಲೇ ಕಾಲಡಿಯ ಗಾಜಿನಲ್ಲಿ ಹಸಿರು ನೀರು ತೆರೆದುಕೊಂಡಿತು. ಬೋಂಗ್ಜಾ ಗಟ್ಟಿಯಾಗಿ ಕಣ್ಣು ಮುಚ್ಚಿ, ಒಳ್ಳೆಯ ಕೈಯಿಂದ ಮಲ್ಸೂನಳ ತೋಳು ಹಿಡಿದುಕೊಂಡಳು.

"ಮುಗೀತಾ?"

"ಈಗ ತಾನೇ ಹೊರಟಿದೆ. ಕಣ್ಣು ಬಿಡೇ, ಕಂಚಿನ ಗಂಟಲಿನವಳಂತೆ, ಇಷ್ಟೇನಾ ನಿನ್ನ ಪೌರುಷ?"

"ಸುಮ್ನಿರು. ಏನು ಕಾಣತ್ತೆ, ಹೇಳು."

ಮಲ್ಸೂನ್ ಹೇಳುತ್ತ ಹೋದಳು. ಬಂಡೆಯ ಮೇಲೆ ಇಬ್ಬರು ಗಾಳ ಹಾಕಿ ಕೂತಿದ್ದಾರೆ, ಒಬ್ಬನಿಗೆ ಏನೋ ಸಿಕ್ಕಿದೆ, ಎಳೀತಿದ್ದಾನೆ. ನೀರಿನಾಚೆ ಯೊಂಗ್ದೊ ದ್ವೀಪದ ಮನೆಗಳು ಒಂದರ ತಲೆ ಮೇಲೊಂದು ಕೂತಿವೆ. ಹಡಗು ಎಣಿಸೋಕೆ ಆಗಲ್ಲ ಅಕ್ಕ, ಲಂಗರು ಹಾಕಿ ಸುಮ್ಮನೆ ನಿಂತಿವೆ. ಅರ್ಧ ದಾರಿಯಲ್ಲಿ ಬೋಂಗ್ಜಾ ಒಂದು ಕಣ್ಣು ಬಿಟ್ಟಳು. ಆಮೇಲೆ ಎರಡನೆಯದನ್ನೂ.

ಆಚೆ ದಡದ ಗುಡ್ಡದಲ್ಲಿ, ಪೈನ್ ಮರಗಳ ಕೆಳಗಿನ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದರು. ಗಾಳಿಗೆ ಉಪ್ಪಿನ ವಾಸನೆ. ಬೋಂಗ್ಜಾ ಹಡಗುಗಳನ್ನೇ ನೋಡುತ್ತ ಕೂತಿದ್ದವಳು ಕೇಳಿದಳು:

"ಗೋಜೆ ಯಾವ ಕಡೆ?"

ಮಲ್ಸೂನ್ ಬಲಕ್ಕೆ, ದೂರದ ನೀಲಿ ಗುಡ್ಡಗಳ ಕಡೆ ಬೆರಳು ತೋರಿಸಿದಳು. "ಈಗ ದೋಣಿ ಬೇಡ. ಸಮುದ್ರದ ಅಡಿಯಲ್ಲೇ ರಸ್ತೆ ಮಾಡಿದಾರೆ, ಬಸ್ಸು ಹೋಗತ್ತೆ."

"ಮುಂದಿನ ತಿಂಗಳು ಹೋಗೋಣ. ಚಾಂಗ್ಹೋನ ಮಕ್ಕಳನ್ನ ನಾನು ನೋಡೇ ಇಲ್ಲ. ದೊಡ್ಡದು ಗಂಡಾ, ಹೆಣ್ಣಾ?"

"ಹೆಣ್ಣು" ಎಂದಳು ಮಲ್ಸೂನ್. "ಒಂಬತ್ತು ವರ್ಷ. ಹಟಮಾರಿ. ಅವಳಿಗೆ ಮೊಟ್ಟೆಯ ಬಿಳಿ ಬೇಡ, ಹಳದಿ ಮಾತ್ರ ಬೇಕು."

"ಬುದ್ಧಿವಂತೆ" ಎಂದಳು ಬೋಂಗ್ಜಾ, ಸುಲಿದ ಮೊಟ್ಟೆಯನ್ನು ಉಪ್ಪಿಗೆ ಅದ್ದುತ್ತ.